ಮಕ್ಕಳ ಕೂಡ ಆಡೋದು ಅವ್ವ-ಅಪ್ಪನ ಮೈಗೆ ಎಷ್ಟು ದಕ್ತದ? ಕಲಬುರಗಿ ಮಂದಿ ಲೆಕ್ಕ ಸಮೇತ ಹೇಳ್ರಿ

ತೊಗರಿ_ಕಣಜ:
ಪ್ರಶ್ನೆ ಸರಳ ಅದ. ಸಂಜಿಮುಂದ ಅರ್ಧ ತಾಸು ಮಕ್ಕಳ ಕೂಡ ಆಡಿದ್ರ ಅದನ್ನ ವ್ಯಾಯಾಮ ಅಂತ ಲೆಕ್ಕಕ್ಕ ಹಿಡೀಬಹುದಾ, ಇಲ್ಲಾ ನಮ್ಮ ಊರಿನ 'ಅಪ್ಪನ ಕೆರಿ' ಸುತ್ತ ವಾಕಿಂಗ್ ಬ್ಯಾರೆ ಮಾಡಬೇಕಾ? ಯಾವ ಆಟಕ್ಕ ಎಷ್ಟು, ಮೊಣಕಾಲು-ಸೊಂಟದ ತ್ರಾಸ ಇದ್ದವರು ಯಾವುದು ಬಿಡಬೇಕು, ನಮ್ಮ ಏಪ್ರಿಲ್-ಮೇ ಬಿಸಿಲಾಗ ಎಷ್ಟೊತ್ತಿಗೆ ಆಡಬೇಕು, ಇಷ್ಟು ಹೇಳ್ರಿ. "ಮಕ್ಕಳ ನಗು ನೋಡಿದ್ರ ದಣಿವು ಹೋಗ್ತದ" ಅನ್ನೋದು ಎಲ್ಲಾರಿಗೂ ಗೊತ್ತದ, ಅದನ್ನ ಬಿಟ್ಟು ಹೇಳ್ರಿ.

ಮೀನಖಂಡ (ಫಿಸಿಯೋಥೆರಪಿ):
ಹಿಡಿಯಬಹುದು. ಆದರೆ ಎಲ್ಲ ಆಟವನ್ನೂ ಅಲ್ಲ.

ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಮೆಟ್ ಎನ್ನುತ್ತಾರೆ. ಕೂತಲ್ಲೇ ಮಗುವಿನ ಜೊತೆ ಆಡುವುದು ಸುಮಾರು 2.2. ನಡೆಯುತ್ತಾ, ಆಗಾಗ ಓಡುತ್ತಾ ಆಡಿದರೆ 3.5. ಕುಂಟೆಬಿಲ್ಲೆ, ಚೆಂಡಾಟದಂಥ ಮಕ್ಕಳಾಟವನ್ನು ದೊಡ್ಡವರು ಮನಸ್ಸಿಟ್ಟು ಆಡಿದರೆ 5.8. ಹಗ್ಗದಾಟ ನಿಧಾನಕ್ಕೆ ಆಡಿದರೂ 8.8. ಮೆಟ್ ಸಂಖ್ಯೆಯನ್ನು ನಿಮ್ಮ ತೂಕಕ್ಕೆ ಗುಣಿಸಿ, ತಾಸಿನ ಲೆಕ್ಕದಲ್ಲಿ ಮತ್ತೆ ಗುಣಿಸಿದರೆ ಕ್ಯಾಲೊರಿ ಸಿಗುತ್ತದೆ. 70 ಕಿಲೋ ತೂಕದವರು ಅರ್ಧ ತಾಸು ಕೂತು ಆಡಿದರೆ 77, ನಡೆದು-ಓಡಿದರೆ 122ರ ಆಸುಪಾಸು, ಕುಂಟೆಬಿಲ್ಲೆ ಆಡಿದರೆ 203.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಹೇಳುತ್ತದೆ. 3 ಮೆಟ್ ದಾಟಿದ್ದೆಲ್ಲ ಈ ಲೆಕ್ಕಕ್ಕೆ ಬರುತ್ತದೆ. ಒಂದೇ ಬಾರಿಗೆ ಕನಿಷ್ಠ 10 ನಿಮಿಷ ಆಡಬೇಕು ಎಂಬ ಹಳೆಯ ಷರತ್ತನ್ನು ಆ ವರ್ಷ ತೆಗೆದುಹಾಕಿದರು. ಹಾಗಾಗಿ ಅಡುಗೆಗೆ ಕುಕ್ಕರ್ ಇಟ್ಟು 6 ನಿಮಿಷ, ಊಟಕ್ಕೆ ಮುಂಚೆ 8 ನಿಮಿಷ ಆಡಿದ್ದೂ ಕೂಡುತ್ತಾ ಹೋಗುತ್ತದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕು. ಅವರ ಅರ್ಧ ಪಾಲಿನಲ್ಲಿ ನೀವು ಜೊತೆಯಾದರೆ ವಾರಕ್ಕೆ 5 ದಿನದಲ್ಲಿ ನಿಮ್ಮ 150 ಮುಗಿಯಿತು.

ಶ್ರಮ ಸಾಕಷ್ಟಿದೆಯೇ ಎಂದು ತಿಳಿಯಲು ಗಡಿಯಾರ ಬೇಡ. ಆಡುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಆರಾಮಾಗಿ ಹಾಡು ಹೇಳುತ್ತಾ ಆಡುತ್ತಿದ್ದೀರಿ ಅಂದರೆ ಇನ್ನೂ ವಾಕಿಂಗ್‌ನಷ್ಟೂ ಆಗಿಲ್ಲ.

ಬಿಸಿಲೂರು:
ನಾಡಿ ಎಣಿಸಿ ನೋಡೋದಾದ್ರ ಎಷ್ಟಿರಬೇಕು ಸರ?

ಮೀನಖಂಡ:
220ರಲ್ಲಿ ವಯಸ್ಸು ಕಳೆಯಿರಿ, ಅದರ 64ರಿಂದ 76 ಪ್ರತಿಶತ. 38 ವರ್ಷದವರಿಗೆ ನಿಮಿಷಕ್ಕೆ 116ರಿಂದ 138. ಆಟ ನಿಲ್ಲಿಸಿದ ಕೂಡಲೇ 15 ಸೆಕೆಂಡು ಎಣಿಸಿದರೆ 29ರಿಂದ 34 ಬರಬೇಕು. ಪೂರ್ತಿ ಒಂದು ನಿಮಿಷ ಎಣಿಸುತ್ತ ಕೂತರೆ ಅಷ್ಟರಲ್ಲಿ ನಾಡಿ ಇಳಿದಿರುತ್ತದೆ, ಲೆಕ್ಕ ತಪ್ಪುತ್ತದೆ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ನಾಡಿ ಏರುವುದೇ ಕಡಿಮೆ. ಅವರು ಈ ಸಂಖ್ಯೆ ಬೆನ್ನು ಹತ್ತಬಾರದು, ಮಾತು-ಹಾಡಿನ ಪರೀಕ್ಷೆಯೇ ಸಾಕು.

ಪಿಟಿ_ಮಾಸ್ತರ್_ಆಳಂದ:
ಲೆಕ್ಕ ಪಾಡ ಅದ, ಆದ್ರ ಒಂದು ಮೋಸ ಅದ ನೋಡ್ರಿ ಅದರಾಗ. ಲಗೋರಿ ಅರ್ಧ ತಾಸು ಆಡಿದ್ರಿ ಅಂದ್ರ ಅರ್ಧ ತಾಸು ಓಡಿದ್ರಿ ಅಂತ ಅಲ್ಲ. ಹತ್ತು ಮಂದಿ ಆಡ್ಲಿಕತ್ತಿದ್ರ ನಿಮ್ಮ ಪಾಳಿ ಬರೋತನಕ ನಿಂತೇ ಇರ್ತೀರಿ. ಅದಕ್ಕ ಮನ್ಯಾಗ ಆಡಬೇಕಾದ್ರ ಕಡೀಕ ಇಬ್ಬಿಬ್ಬರೇ ಇರ್ರಿ, ಚೆಂಡು ತರಲಿಕ್ಕೆ ಹುಡುಗರನ್ನ ಓಡಸಬ್ಯಾಡ್ರಿ, ನೀವೇ ಹೋಗ್ರಿ.

ಲಗೋರಿಗೆ 7 ಕಲ್ಲು. ನಮ್ಮ ಕಡಿ ಶಹಾಬಾದ ಫರಸಿ ತುಂಡು ಎಲ್ಲಿ ಬೇಕಾದಲ್ಲಿ ಸಿಗ್ತಾವ, ಚಪ್ಪಟಿ ಇರೋದ್ರಿಂದ ಛಲೋ ನಿಲ್ತಾವ. ಆದ್ರ ಹೊಸಾ ಒಡದ ತುಂಡಿನ ಅಂಚು ಬ್ಲೇಡಿನಂಗ ಇರ್ತದ. ಒರಟು ಕಲ್ಲಿಗೆ ನೀರು ಹಚ್ಚಿ ತಿಕ್ಕಿ, ನಾಕೂ ಅಂಚು ದುಂಡ ಮಾಡಿದ ಮ್ಯಾಲೇ ಹುಡುಗರ ಕೈಗೆ ಕೊಡ್ರಿ. ಹಳಿ ಟೆನಿಸ್ ಚೆಂಡು ಸಾಕು, ಕ್ರಿಕೆಟ್ಟಿನ ಕಾರ್ಕ್ ಚೆಂಡು ಬ್ಯಾಡೇ ಬ್ಯಾಡ. ಸಣ್ಣವರಿಗೆ 8 ಫೂಟಿನಿಂದ ಹೊಡೀಲಿಕ್ಕೆ ಬಿಡ್ರಿ, ದೊಡ್ಡವರು 15 ಫೂಟಿನಿಂದ ಹೊಡೀರಿ.

ಕಲ್ಲು ಒಟ್ಟೋದು ದೊಡ್ಡವರ ಪಾಲಿಗೆ ಇರಲಿ. ಸೊಂಟ ಬಗ್ಗಿಸಬ್ಯಾಡ್ರಿ, ಮೊಣಕಾಲು ಮಡಚಿ ಕೂತು ಒಂದು ಕಲ್ಲು ಇಡ್ರಿ, ಎದ್ದು ನಿಲ್ರಿ, ಮತ್ತ ಕೂತು ಇನ್ನೊಂದು. ಒಂದು ಆಟಕ್ಕ 7 ಬೈಠಕ್ ಆತು. 6 ಆಟಕ್ಕ 42. ಬರೇ ಬೈಠಕ್ ಹೊಡೀರಿ ಅಂದ್ರ 42 ಯಾರು ಹೊಡೀತಾರ?

ಕವಡಿ:
ಮಾಸ್ತರ್ರೇ, ಆ 42 ಬೈಠಕ್ ಮರುದಿನ ಮೆಟ್ಟಿಲು ಇಳಿಯಲು ಬಿಡುವುದಿಲ್ಲ ಅನ್ನೋದನ್ನೂ ಹೇಳಿಬಿಡಿ.

ಪಿಟಿ_ಮಾಸ್ತರ್_ಆಳಂದ:
ಖರೇ ಅದ ಅಕ್ಕಾರ. ಮೊದಲನೇ ವಾರ 2 ಆಟ ಸಾಕು. ವಾರಕ್ಕ ಒಂದೊಂದು ಹೆಚ್ಚ ಮಾಡ್ಕೋತ ಹೋಗ್ರಿ.

ಮೀನಖಂಡ:
ಪೋಷಕರು ಆಟದಲ್ಲಿ ಗಾಯ ಮಾಡಿಕೊಳ್ಳುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ: ದಿನವಿಡೀ ಕುರ್ಚಿಯಲ್ಲಿ ಕೂತು, ಸಂಜೆ ಚಪ್ಪಲಿಯಲ್ಲೇ ಒಮ್ಮೆಲೇ ಓಟ. ಆಗ ಹರಿಯುವುದು ಮೀನಖಂಡ ಅಥವಾ ಹಿಮ್ಮಡಿಯ ಮೇಲಿನ ನರ (ಜನ ನರ ಅಂತಾರೆ, ಅದು ಸ್ನಾಯುರಜ್ಜು). ಹಿಂದಿನಿಂದ ಯಾರೋ ಒದ್ದಂತೆ ಅನಿಸಿ, ತಿರುಗಿ ನೋಡಿದರೆ ಯಾರೂ ಇರದಿದ್ದರೆ ರಜ್ಜು ಹರಿದಿದೆ ಎಂದೇ ತಿಳಿಯಿರಿ. ಉಜ್ಜಬೇಡಿ, ಎಣ್ಣೆ ಹಚ್ಚಿ ನೀವಿಸಬೇಡಿ, ಕಾಲೂರದೆ ಅಂದೇ ಮೂಳೆ ಡಾಕ್ಟರರ ಹತ್ತಿರ ಹೋಗಿ.

ಇದನ್ನು ತಪ್ಪಿಸಲು 4 ನಿಮಿಷ ಸಾಕು. ಒಂದು ನಿಮಿಷ ಜೋರು ನಡಿಗೆ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 15 ಸಲ; ಏರುವಾಗ 1 ಎಣಿಕೆ, ಇಳಿಯುವಾಗ 3. ಅರ್ಧ ಬೈಠಕ್ 10. ಕೊನೆಗೆ ಅಂಗಳದ ಈ ತುದಿಯಿಂದ ಆ ತುದಿಗೆ ಮೂರು ಸಲ, ಮೊದಲು ಅರ್ಧ ವೇಗ, ಆಮೇಲೆ ಮುಕ್ಕಾಲು. ಪೂರ್ತಿ ವೇಗದ ಓಟ, ತಟ್ಟನೆ ತಿರುಗುವುದು ಮೊದಲ ಮೂರು ವಾರ ಬೇಡ. ಅಂದರೆ ಖೋ ಖೋ ಕೂಡ ಬೇಡ. ಅದರಲ್ಲಿ ಕುಕ್ಕರುಗಾಲಿನಿಂದ ಎದ್ದವರು ಮೊದಲ ಹೆಜ್ಜೆಗೇ ಓಡಬೇಕು, ತೊಡೆಯ ಹಿಂಭಾಗಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

ಕುಂಟೆಬಿಲ್ಲೆಯನ್ನು ಮೊದಲ ವಾರ ಎರಡೂ ಕಾಲಲ್ಲಿ ಆಡಿ. ದೊಡ್ಡವರಿಗೆ ಮನೆ 45 ಸೆಂಟಿಮೀಟರ್ ಅಗಲ ಇರಲಿ. ಮಕ್ಕಳ ಅಳತೆಯ 30 ಸೆಂಟಿಮೀಟರ್ ಮನೆಯಲ್ಲಿ ದೊಡ್ಡ ಪಾದ ಹೊಂದಿಸಲು ಹೋಗಿ ಕಾಲು ಹೊರಳುತ್ತದೆ. ಇಳಿಯುವಾಗ ಸದ್ದು ಬರಬಾರದು. 'ಧಪ್' ಅಂದರೆ ಮೊಣಕಾಲು ಮಡಚದೆ ಇಳಿದಿದ್ದೀರಿ ಎಂದರ್ಥ.

ಜೇವರ್ಗಿ_ರೋಡ್:
ಜಾಗ ಎಲ್ಲಿ ಅದ ಹೇಳ್ರಿ? ಅಂಗಳಕ್ಕೆಲ್ಲ ಫರಸಿ, ಹೊರಗ ಎರೆಮಣ್ಣು.

ಪಿಟಿ_ಮಾಸ್ತರ್_ಆಳಂದ:
ಫರಸಿ ಮ್ಯಾಲ ಜಿಗಿಯೋ ಆಟ ಆಡಿದ್ರ ಬೂಟು ಬೇಕು. ಕಲ್ಲು ಸ್ವಲ್ಪನೂ ಬಗ್ಗೂದಿಲ್ಲ, ಪೆಟ್ಟೆಲ್ಲಾ ಮೊಣಕಾಲಿಗೇ ಬರ್ತದ. ಮಳೆಗಾಲದಾಗ ಪಾಚಿ ಕಟ್ಟಿದ ಫರಸಿ ಮ್ಯಾಲ ಓಡೋದು ಪೂರ್ತಿ ಬಂದ್. ಎರೆಮಣ್ಣು ಮಾರ್ಚ್‌ನಿಂದ ಬಿರುಕು ಬಿಡ್ತದ, ಆ ಬಿರುಕಿನಾಗ ಹಿಮ್ಮಡಿ ಸಿಕ್ಕು ಪಾದ ಹೊರಳ್ತದ. ಆಡೋ ಮುಂಚೆ 20 ಫೂಟ್ ಜಾಗ ಒಮ್ಮೆ ತಿರುಗಾಡಿ ಬಿರುಕಿಗೆ ಮಣ್ಣು ತುಂಬ್ರಿ. ಊರಾಗ ಇದ್ದವರು ಪಬ್ಲಿಕ್ ಗಾರ್ಡನ್ನಿಗೆ ಹೋಗ್ರಿ, ಇಲ್ಲಾ ಎನ್‌.ವಿ. ಮೈದಾನದ ಬದಿಗೆ. ನಟ್ಟನಡುವ ಕ್ರಿಕೆಟ್ ಹುಡುಗರು ಇರ್ತಾರ, ಚೆಂಡು ತಲಿಗೆ ಬರ್ತದ.

ಸಿಸ್ಟರ್_ಸೇಡಂ:
ಬಿಸಿಲಿನ ಪ್ರಶ್ನೆಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಮುಂಜಾನೆ 8ರಿಂದ ಮಧ್ಯಾಹ್ನ 1:30. ಹಾಗಾಗಿ ನೌಕರಿ ಇದ್ದವರಿಗೆ ಆಟದ ಹೊತ್ತು ಮುಂಜಾನೆ 6ರಿಂದ 6:40, ಇಲ್ಲವೇ ಸಂಜೆ 6:30ರ ಮೇಲೆ. ಮಧ್ಯಾಹ್ನ 2ಕ್ಕೆ ಮನೆಗೆ ಬಂದವರು "ಈಗ ಪುರಸೊತ್ತಿದೆ" ಅಂತ ಮಾಳಿಗೆ ಹತ್ತುವುದು ಬೇಡ. ಮಾಳಿಗೆಯ ಕಾಂಕ್ರೀಟು ಹೊತ್ತು ಮುಳುಗಿದ ಮೇಲೂ ಕಾದಿರುತ್ತದೆ. ಅಂಗೈಯ ಹಿಂಬದಿ ಇಟ್ಟು 5 ಎಣಿಸಿ, ತಡೆಯಲಾಗದಿದ್ದರೆ ಬರಿಗಾಲಿಗೆ ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಯಾವ ಕಾಲದಲ್ಲೂ ಬರಿಗಾಲಲ್ಲಿ ಆಡಬಾರದು. ಬೊಬ್ಬೆ ಎದ್ದದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ನಮ್ಮದು ಒಣ ಬಿಸಿಲು. ಬೆವರು ಬಂದದ್ದು ಕಾಣುವ ಮೊದಲೇ ಆರಿಹೋಗುತ್ತದೆ, ಹಾಗಾಗಿ "ನನಗೆ ಬೆವರೇ ಬಂದಿಲ್ಲ" ಎಂಬ ಮಾತು ನಂಬಬೇಡಿ. 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಅಥವಾ ನೀರುಮಜ್ಜಿಗೆ. ಮೂತ್ರ ತಿಳಿಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು. ವಾಂತಿ-ಭೇದಿಯೂ ಆಗಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚು ಹಾಕುವುದು ಮಗುವಿಗೆ ಅಪಾಯ. ಮಾತು ತೊದಲಿದರೆ, ಗೊಂದಲಗೊಂಡರೆ ನೆರಳಿಗೆ ಎಳೆದು ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತಗೊಳ್ಳುವವರು ರಾತ್ರಿ ಊಟಕ್ಕೆ ಸ್ವಲ್ಪ ಮುಂಚೆ ಜೋರಾಗಿ ಆಡಿದರೆ ಸಕ್ಕರೆ ಇಳಿಯಬಹುದು. ಕೈ ನಡುಕ, ತಣ್ಣನೆ ಬೆವರು ಬಂದರೆ 3 ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಪರೀಕ್ಷಿಸಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಮತ್ತೊಮ್ಮೆ. ಎದೆ ಹಿಂಡಿದಂತಾಗಿ ನೋವು ದವಡೆಗೋ ಎಡಗೈಗೋ ಹರಿದರೆ ಆಟ ಅಲ್ಲಿಗೆ ನಿಲ್ಲಲಿ. ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ.

ಬಿಸಿಲೂರು:
ದಿನಾ ಹಿಂಗ ಆಡಿದ್ರ ಬಿಪಿ ಗುಳಗಿ ಬಿಡಬಹುದು ಅಂತ ವಾಟ್ಸಾಪ್‌ನಾಗ ಬಂದಿತ್ತು?

ಸಿಸ್ಟರ್_ಸೇಡಂ:
ಬಿಡಬಾರದು. ಬಿಪಿ ಇರುವವರು ನಿಯಮಿತವಾಗಿ ಬೆವರುವ ವ್ಯಾಯಾಮ ಮಾಡಿದರೆ ಮೇಲಿನ ಸಂಖ್ಯೆ ಸುಮಾರು 5ರಿಂದ 8 ಇಳಿಯುತ್ತದೆ. 160 ಇದ್ದದ್ದು 152 ಆಗಬಹುದು, 120 ಆಗುವುದಿಲ್ಲ. ಗುಳಗಿ ಕಡಿಮೆ ಮಾಡುವುದು ಬರೆದುಕೊಟ್ಟ ಡಾಕ್ಟರ್ ನೋಡಿಕೊಳ್ಳುವ ಕೆಲಸ.

ಕವಡಿ (ಮಕ್ಕಳ ಆಪ್ತ ಸಮಾಲೋಚನೆ):
ಎಲ್ಲರೂ ಮೈಯ ಲೆಕ್ಕ ಹೇಳಿದಿರಿ. ಕಲಬುರಗಿಯಲ್ಲಿ ಸಂಜೆ 7ಕ್ಕೆ ರೊಟ್ಟಿ ಬಡಿಯುತ್ತಾ ಬೆನ್ನು ಬಿದ್ದುಹೋದ ತಾಯಿಗೆ "5.8 ಮೆಟ್ ಆಡು" ಅನ್ನುವುದು ಇನ್ನೊಂದು ಕೆಲಸ ಹಚ್ಚಿದಂತೆ. ಅಂಥವರಿಗೆ ಬೇಕಾದದ್ದು ಬೇರೆ.

ಪೋಷಕ-ಮಗು ಸಂವಹನ ಚಿಕಿತ್ಸೆ ಎಂಬ ಪದ್ಧತಿ ಇದೆ. ಶೀಲಾ ಐಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1970ರ ದಶಕದಲ್ಲಿ ರೂಪಿಸಿದ್ದು, 2ರಿಂದ 7 ವರ್ಷದ ಹಟಮಾರಿ ಮಕ್ಕಳಿಗಾಗಿ. ಅದರಲ್ಲಿ ತಾಯ್ತಂದೆಯರಿಗೆ ಕೊಡುವ ಮನೆಗೆಲಸ ದಿನಕ್ಕೆ 5 ನಿಮಿಷ ಆಟ, ಅಷ್ಟೇ. ಆದರೆ ಆ 5 ನಿಮಿಷಕ್ಕೆ ಕಟ್ಟುನಿಟ್ಟಿನ ಕ್ರಮ ಇದೆ. ಆಟ ಮಗು ಹೇಳಿದಂತೆ ನಡೆಯಬೇಕು. ಮಗು ಮಾಡುತ್ತಿರುವುದನ್ನು ನೀವು ಬಾಯಲ್ಲಿ ಹೇಳುತ್ತ ಹೋಗಬೇಕು: "ಎತ್ತಿಗೆ ಕೋಡು ಹಚ್ಚಿದಿ. ಈಗ ಬಾಲ ಮಾಡ್ಲಿಕತ್ತಿ." ಮಗು ಅಂದದ್ದನ್ನು ಅದರದೇ ಮಾತಲ್ಲಿ ತಿರುಗಿ ಹೇಳಬೇಕು. ಹೊಗಳುವಾಗ ಬರೇ "ಶಾಣ್ಯಾ" ಅನ್ನದೆ, ಯಾವುದಕ್ಕೆ ಅಂತ ಹೇಳಬೇಕು: "ಮಣ್ಣು ಚೆಲ್ಲದಂಗ ನಾಜೂಕ ಮಾಡಿದಿ."

ಮಾಡಬಾರದವು ಮೂರು: ಪ್ರಶ್ನೆ, ಅಪ್ಪಣೆ, ತಪ್ಪು ತಿದ್ದುವುದು. ಎಲ್ಲರೂ ಮುಗ್ಗರಿಸುವುದು ಪ್ರಶ್ನೆಯಲ್ಲೇ. "ಇದು ಯಾವ ಬಣ್ಣ? ಎತ್ತಿಗೆ ಎಷ್ಟು ಕಾಲು?" ಅಂದ ಕೂಡಲೇ ಅದು ಆಟವಾಗಿ ಉಳಿಯದೆ ಮೌಖಿಕ ಪರೀಕ್ಷೆ ಆಗುತ್ತದೆ. ಮಗು ಎದ್ದು ಹೋಗುತ್ತದೆ, ನಿಮಗೆ ಸಿಟ್ಟು ಬರುತ್ತದೆ. ಸಾಮಾನು ಆಯ್ಕೆಯೂ ಮುಖ್ಯ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಎರೆಮಣ್ಣು, ಕಟ್ಟಿಗೆ ತುಂಡು, ಪಾತ್ರೆ-ಸೌಟು ಒಳ್ಳೆಯವು. ಸೋಲು-ಗೆಲುವಿನ ಆಟ ಈ 5 ನಿಮಿಷಕ್ಕೆ ಹೊಂದುವುದಿಲ್ಲ. ನಿಯಮ ಬಂತು ಅಂದರೆ ತಿದ್ದಲೇಬೇಕಾಗುತ್ತದೆ. ಫೋನು ಇನ್ನೊಂದು ಕೋಣೆಯಲ್ಲಿ ಇರಲಿ, ಮಗ್ಗುಲಲ್ಲಿ ಬೋರಲು ಹಾಕಿ ಇಟ್ಟರೆ ಸಾಲದು.

ಇದರಿಂದ ತಾಯಿಗೆ ಏನು ಸಿಗುತ್ತದೆ? ಕ್ರಮ ತಪ್ಪದೆ ನಡೆಸಿದವರ ಮನೆಯಲ್ಲಿ ಮಗುವಿನ ಹಟ ಕಡಿಮೆಯಾಗುತ್ತದೆ, ಹಟ ಕಡಿಮೆಯಾದಂತೆ ತಾಯ್ತಂದೆಯರ ಒತ್ತಡವೂ ಇಳಿಯುತ್ತದೆ. ಮೊದಲ ವಾರದಲ್ಲೇ ಇಳಿಯುವುದಿಲ್ಲ. ಮಗು ತಪ್ಪು ಮಾಡಿದ ದಿನ ಶಿಕ್ಷೆಯಾಗಿ ಈ 5 ನಿಮಿಷ ಕಿತ್ತುಕೊಂಡರಂತೂ ಇಳಿಯುವುದೇ ಇಲ್ಲ. ಕೆಟ್ಟ ದಿನವೇ ಅದು ಹೆಚ್ಚು ಬೇಕಾದದ್ದು.

ತೀರ ದಣಿದವರಿಗೆ: ಡಾಕ್ಟರ್ ಆಟ ಆಡಿ, ನೀವು ಪೇಶಂಟ್. ಚಾಪೆ ಮೇಲೆ ಮಲಗಿದರೆ ಆಯಿತು, ಇಂಜೆಕ್ಷನ್ ಮಾಡಿಸಿಕೊಳ್ಳುವುದಷ್ಟೇ ಕೆಲಸ.

ತೊಗರಿ_ಕಣಜ:
ಅಕ್ಕಾರ, ಪೇಶಂಟ್ ಆಗೋದಕ್ಕ ನಮ್ಮ ಕಡಿ ಗಂಡಸರು ಸಾಲು ಹಚ್ಚತಾರ ಈಗ.

ಕವಡಿ:
ಅವರಿಗೆ ಕುದುರೆ ಆಟ ಇಡಿ. ಅಪ್ಪಂದಿರ ವಿಷಯ ಬಂದದ್ದಕ್ಕೆ: ಇಸ್ರೇಲಿನ ರೂತ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸದಾಗಿ ತಾಯಿ-ತಂದೆಯಾದ 160 ಮಂದಿಯ ಆಕ್ಸಿಟೋಸಿನ್ (ಬಾಂಧವ್ಯಕ್ಕೆ ಸಂಬಂಧಪಟ್ಟ ಹಾರ್ಮೋನು) ಅಳೆದರು. ಮಗುವಿಗೆ 6 ತಿಂಗಳಾಗುವಷ್ಟರಲ್ಲಿ ಇಬ್ಬರಲ್ಲೂ ಅದು ಏರಿತ್ತು. ತಾಯಂದಿರಲ್ಲಿ ಅದು ಮುದ್ದು-ಅಪ್ಪುಗೆಯ ಜೊತೆ ಹೊಂದಿಕೊಂಡಿತ್ತು, ತಂದೆಯರಲ್ಲಿ ಕುಲುಕಿಸಿ, ಸಾಮಾನು ತೋರಿಸಿ ಆಡಿಸುವ ಆಟದ ಜೊತೆ. ಆಡಿದ್ದರಿಂದಲೇ ಏರಿತು ಅಂತ ಇದರಿಂದ ಹೇಳಲಾಗದು, ಎರಡೂ ಒಟ್ಟಿಗೆ ಕಂಡವು ಅಷ್ಟೇ. ಆದರೂ "ಕೂಸು ಸಣ್ಣದದ, ನಡೀಲಿಕ್ಕೆ ಬಂದ ಮ್ಯಾಲ ಆಡಸ್ತೀನಿ" ಅನ್ನುವ ಅಪ್ಪಂದಿರಿಗೆ ಓದಿ ಹೇಳಿ.

ಮೀನಖಂಡ:
ಕುದುರೆ ಆಟಕ್ಕೆ ಎರಡು ಮಾತು. ಫರಸಿ ಮೇಲೆ ಬರಿ ಮೊಣಕಾಲೂರಬೇಡಿ, ಮಂಡಿಚಿಪ್ಪಿನ ಮುಂದೆ ನೀರು ತುಂಬಿ ಊದುತ್ತದೆ. ಕೌದಿ ಎರಡು ಮಡಿಕೆ ಹಾಕಿ. ಮಗು ಬೆನ್ನಿನ ನಡುವೆ ಕೂರಬಾರದು, ಸೊಂಟದ ಮೂಳೆಯ ಮೇಲೆ ಕೂರಬೇಕು. ನಡು ಕೆಳಗೆ ಜೋತುಬೀಳುತ್ತಿದೆ ಅನಿಸಿದರೆ ಕುದುರೆ ದಣಿದಿದೆ, ಇಳಿಸಿ.

5 ವರ್ಷದೊಳಗಿನ ಮಕ್ಕಳನ್ನು ಅಂಗೈ ಹಿಡಿದು ಗಿರಗಿರ ತಿರುಗಿಸುವುದು, ಒಂದೇ ಕೈ ಹಿಡಿದು ಎತ್ತುವುದು ಬೇಡ. ಮೊಣಕೈಯ ಸಣ್ಣ ಮೂಳೆ ತನ್ನ ಪಟ್ಟಿಯಿಂದ ಜಾರುತ್ತದೆ. ಊತ ಕಾಣುವುದಿಲ್ಲ, ಮಗು ಕೈ ಜೋತುಬಿಟ್ಟು ಮುಟ್ಟಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಎಳೆಯದೆ ಡಾಕ್ಟರರ ಹತ್ತಿರ ಕರೆದೊಯ್ಯಿರಿ, ಕ್ಷಣದಲ್ಲಿ ಕೂಡಿಸುತ್ತಾರೆ. ಎತ್ತುವುದಾದರೆ ಕಂಕುಳಲ್ಲಿ ಕೈಕೊಟ್ಟು ಎತ್ತಿ. ಫುಗಡಿಯನ್ನೂ (ಕೈ ಕೈ ಹಿಡಿದು ಸುತ್ತುವ ಆಟ) ಸಣ್ಣವರ ಜೊತೆ ಆಡಬಹುದು, ಅವರ ಪಾದ ನೆಲ ಬಿಡಬಾರದು ಅಷ್ಟೇ.

ಇನ್ನೊಂದು ಕೊರತೆ. ಓಡಾಟದ ಆಟ ಹೃದಯಕ್ಕೆ ಸಾಕು, ಸ್ನಾಯುಬಲಕ್ಕೆ ಸಾಲದು. ಅದೇ ಮಾರ್ಗಸೂಚಿ ವಾರಕ್ಕೆ 2 ದಿನ ಬಲದ ವ್ಯಾಯಾಮವನ್ನೂ ಕೇಳುತ್ತದೆ. ಅದನ್ನೂ ಆಟದಲ್ಲೇ ಸೇರಿಸಬಹುದು. 12 ಕಿಲೋ ಮಗುವನ್ನು ಎದೆಗವಚಿ ಅರ್ಧ ಬೈಠಕ್ 8 ಸಲ, ಎರಡು ಸುತ್ತು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವ ಪಂದ್ಯ. ನೀವು ಅಂಗೈ ಮತ್ತು ಕಾಲ್ಬೆರಳ ಮೇಲೆ ಸೇತುವೆಯಾಗಿ ನಿಂತು ಮಗು ಕೆಳಗೆ ಮೂರು ಸಲ ತೂರಿಹೋಗುವುದು. ಮಗು ಬೇಕಂತಲೇ ನಡುವೆ ನಿಲ್ಲುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಿಸ್ಟರ್_ಸೇಡಂ:
ಬಾಣಂತಿಯರಿಗೆ: ಹೆರಿಗೆಯಾಗಿ 12 ವಾರ ಆಗುವವರೆಗೆ ಹಗ್ಗದಾಟ, ಓಟ ಬೇಡ. ಆಮೇಲೂ ಜಿಗಿದಾಗ ಮೂತ್ರ ಹನಿದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು 8 ಸಲ ಬಿಗಿದು ಬಿಡುವುದು, ದಿನಕ್ಕೆ ಮೂರು ಬಾರಿ, ಮೂರು ತಿಂಗಳು. ಅಲ್ಲಿಯವರೆಗೆ ಜಿಗಿತ ಇಲ್ಲದ ಆಟ ಆಡಿ. ಫುಗ್ಗಾ ಊದಿ ನೆಲಕ್ಕೆ ಬೀಳದಂತೆ ತಟ್ಟುವುದು ಒಳ್ಳೆಯದು. ಕೈ ಮೇಲೆತ್ತುತ್ತೀರಿ, ಬಗ್ಗುತ್ತೀರಿ, ಮೊಣಕಾಲಿಗೆ ಪೆಟ್ಟಿಲ್ಲ. ಒಡೆದ ಫುಗ್ಗಾದ ಚೂರು ಕೂಡಲೇ ಎತ್ತಿ. ಗಂಟಲಲ್ಲಿ ಅಂಟಿಕೊಂಡರೆ ಉಸಿರೇ ಕಟ್ಟುತ್ತದೆ.

ಪಿಟಿ_ಮಾಸ್ತರ್_ಆಳಂದ:
ಮಲಗೋಕಿಂತ ಒಂದು ತಾಸು ಮುಂಚೆ ಓಡಾಟದ ಆಟ ಮುಗಸ್ರಿ, ಇಲ್ಲಂದ್ರ ಹುಡುಗರೂ ಮಲಗೂದಿಲ್ಲ, ನಿಮಗೂ ನಿದ್ದಿ ಹತ್ತೂದಿಲ್ಲ. ಆಮ್ಯಾಲ ಚೌಕಾಬಾರ ಹಾಸ್ರಿ, 5 ಮನಿ ಅಡ್ಡ, 5 ಉದ್ದ. ಕವಡಿ 4, ಇರದಿದ್ರ ಹುಣಸಿ ಬೀಜ ಅರ್ಧ ಒಡದು ಬಳಸ್ರಿ. ನೆಲದ ಮ್ಯಾಲೇ ಕೂಡ್ರಿ. ಏಳುವಾಗ ಕೈ ಊರದೆ ಏಳಲಿಕ್ಕೆ ನೋಡ್ರಿ, ನೀರು ತರಲಿಕ್ಕೆ ನಾಕು ಸಲ ಎದ್ರೂ ತೊಡಿಗೆ ಕೆಲಸ ಆತು.

ಜೇವರ್ಗಿ_ರೋಡ್:
ನಾಗರಪಂಚಮಿಗೆ ಜೋಕಾಲಿ ಕಟ್ಟೋರು ದೊಡ್ಡವರೂ ಆಡಬಹುದಾ? ಹಗ್ಗ ಎಂಥಾದ್ದು ಬೇಕು?

ಪಿಟಿ_ಮಾಸ್ತರ್_ಆಳಂದ:
ಆಡಬಹುದು, ನಿಂತು ಜೀಕಿದ್ರ ತೊಡಿ, ಹೊಟ್ಟಿ, ಕೈ ಎಲ್ಲಾದಕ್ಕೂ ಕೆಲಸ. ಬೇವು, ಹುಣಸಿ ಕೊಂಬಿಗೆ ಕಟ್ರಿ, ತೊಡಿಯಷ್ಟು ದಪ್ಪ ಇರಬೇಕು, ಒಣಗಿರಬಾರದು. ನುಗ್ಗಿಗಿಡಕ್ಕ ಎಂದೂ ಕಟ್ಟಬ್ಯಾಡ್ರಿ, ಪಟ್ಟಂತ ಮುರೀತದ. ಹಗ್ಗ ಹೊಸಾದು ತರ್ರಿ, ಹೋದ ವರ್ಷದ್ದು ಬಿಸಿಲಿಗೆ ಸುಟ್ಟು ಒಳಗ ಪುಡಿ ಆಗಿರ್ತದ. ಕೊಂಬಿಗೆ ಉಜ್ಜೋ ಕಡಿ ಗೋಣಿಚೀಲ ಎರಡು ಸುತ್ತು ಸುತ್ತಿ ಆಮ್ಯಾಲ ಕಟ್ರಿ. ಮೊದಲು ಇಬ್ಬರು ದೊಡ್ಡವರು ಹಗ್ಗ ಹಿಡಿದು ಜೋತು ನೋಡ್ರಿ, ಜೀಕಬ್ಯಾಡ್ರಿ. ಕರಕರ ಸಪ್ಪಳ ಬಂದ್ರ ಬ್ಯಾರೆ ಕೊಂಬಿ ಹುಡುಕ್ರಿ. ಮುಂದ-ಹಿಂದ 6 ಫೂಟ್ ಯಾರೂ ನಿಲ್ಲದಂಗ ಸುಣ್ಣದ ಗೆರಿ ಹೊಡೀರಿ. ಜೋಕಾಲಿಯಿಂದ ಬೀಳೋರಕಿಂತ ಅದರ ಹಲಗಿ ಬಡದು ಬೀಳೋ ಸಣ್ಣವರ ಕಡಿ ಲಕ್ಷ್ಯ ಇರಲಿ.